7, 9, 12, 14: ಗುಝೆಂಗ್ ಬೂತಿನ ಕಳ್ಳ ಸಿಕ್ಕ

ಕೊನೆಗೂ ಸಿಕ್ಕ. ಎರಡು ವೀಕೆಂಡು, ಒಂದು ತುಂಡಾದ ತಂತಿ, ಲಾವ್‌ಷಿ (ನಮ್ಮ ಮೇಷ್ಟ್ರು) ಹತ್ರ ಎಲ್ಲರ ಮುಂದೆ ಬೈಗುಳ, ಇಷ್ಟೆಲ್ಲಾ ಆದ್ಮೇಲೆ ಆ ಗುಝೆಂಗ್ (ಮಲಗಿಸಿಟ್ಟು ಮೀಟೋ 21 ತಂತಿಯ ಚೈನೀಸ್ ವಾದ್ಯ) ಬೂತಲ್ಲಿ ಒಂದು ಗಂಟೆನೂ ಯಾಕೆ ಶ್ರುತಿ ನಿಲ್ತಿರ್ಲಿಲ್ಲ ಅಂತ ಗೊತ್ತಾಯ್ತು.

ಹಿಂದಿನ ಕಥೆ ಚಿಕ್ಕದಾಗಿ ಹೇಳ್ತೀನಿ. ನಾನಿರೋದು ಸಿಂಗಾಪುರದಲ್ಲಿ, ಇಲ್ಲಿ ನಮ್ಮ ಏರಿಯಾದ ಚೈನೀಸ್ ಮ್ಯೂಸಿಕ್ ಗ್ರೂಪಲ್ಲಿ ಎರ್ಹು ಅನ್ನೋ ಎರಡು ತಂತಿ ಪಿಟೀಲು ಕೊಯ್ಯೋನು (ಬಾರಿಸೋದು ಅನ್ನೋಕೆ ಇನ್ನೂ ಟೈಮಿದೆ). ಚೈನೀಸ್ ನ್ಯೂ ಇಯರ್‌ಗೆ ಮುಂಚಿನ ಎರಡು ವೀಕೆಂಡು ನಮ್ಮ ಫ್ಲ್ಯಾಟ್ ಬ್ಲಾಕ್ ಕೆಳಗಡೆ ಖಾಲಿ ಬಿಟ್ಟಿರೋ ವಾಯ್ಡ್ ಡೆಕ್‌ನಲ್ಲಿ ಮೇಳ, ನಮ್ಮದೂ ಒಂದು ಬೂತು, "ಬನ್ನಿ, ಮುಟ್ಟಿ, ನುಡಿಸಿ ನೋಡಿ" ಅನ್ನೋ ಟೈಪು. ಎರಡು ಗುಝೆಂಗ್, ಮೂರು ಎರ್ಹು. ಟೇಬಲ್ಲು, ಬ್ಯಾನರ್ರು, ಕಿತ್ತಳೆ ಹಣ್ಣಿನ ಬುಟ್ಟಿ ಇವೆಲ್ಲಾ ನಿಮ್ಗೆ ಗೊತ್ತಿರೋದೇ, ಬಿಡಿ.

ಮೊದಲನೇ ಶನಿವಾರ ಬೆಳಗ್ಗೆ ಒಂಬತ್ತಕ್ಕೆ ಕೂತು 21 ತಂತಿನೂ ಚೆನ್ನಾಗಿ ಶ್ರುತಿ ಮಾಡಿದ್ದೆ. ಡಿ ಮೇಜರ್ ಪೆಂಟಾಟೋನಿಕ್, ಅಂದ್ರೆ ಡಿ ಷಡ್ಜ ಇಟ್ಕೊಂಡ್ರೆ ನಮ್ಮ ಮೋಹನ ರಾಗ. ಸ ರಿ ಗ ಪ ದ ಅಷ್ಟೇ, ಅದೇ ನಾಲ್ಕು ಸ್ಥಾಯಿ ಪೂರ್ತಿ. ಬೂತಿಗೆ ಗುಝೆಂಗ್ ಇಡೋದೇ ಇದಕ್ಕೆ ರೀ, ಮೂರು ವರ್ಷದ ಮಗು ಬಂದು ಹೆಂಗೆ ಕೆರೆದ್ರೂ ಅಪಸ್ವರ ಬರಲ್ಲ, ಅಪ್ಪ ಅಮ್ಮ ವಿಡಿಯೋ ಮಾಡ್ಕೊಂಡು ಖುಷಿಯಾಗಿ ಹೋಗ್ತಾರೆ. ಆದ್ರೆ ಎರಡು ತಂತಿ ಶ್ರುತಿ ಬಿಟ್ರೆ ಸಾಕು, ಪ್ರತಿ ಸಲ ಕೆರೆದಾಗ್ಲೂ ಅನ್ನದಲ್ಲಿ ಕಲ್ಲು ಸಿಕ್ಕಂಗೆ.

ಹತ್ತು ಮುಕ್ಕಾಲಿಗೆ ಕಲ್ಲು ಸಿಕ್ತು.

ಸೆಕೆ ಅಂದ್ಕೊಂಡೆ. ಏಸಿ ರೂಮಿಂದ ಹೊರಗಡೆ ತಂದಿದೀವಿ, ಉಕ್ಕಿನ ತಂತಿ ಬಿಸಿಯಾಗಿ ಹಿಗ್ಗತ್ತೆ, ಶ್ರುತಿ ಇಳಿಯತ್ತೆ, ಸರಿ. ಸರಿ ಮಾಡೋಣ ಅಂತ ಟ್ಯೂನರ್ ತೆಗೆದ್ರೆ ಪಕ್ಕದಲ್ಲೇ ಲಯನ್ ಡಾನ್ಸ್ ತಂಡ ಡ್ರಮ್ ಶುರು ಹಚ್ಕೊಳ್ತು. ಮೊಬೈಲ್ ಆಪ್‌ಗೆ ತಂತಿ ಕೇಳಿಸೋದೇ ಇಲ್ಲ. ಕ್ಲಿಪ್ ಟ್ಯೂನರ್ ಹಾಕಿದ್ರೆ ಇನ್ನೂ ಮಜಾ, ಆ ಡ್ರಮ್ ಏಟಿಗೆ ಗುಝೆಂಗ್ ಹಲಗೆನೇ ಗುಂಯ್ ಅಂತ ನಡುಗತ್ತೆ, ನಾನು ತಂತಿ ಮುಟ್ಟದೇ ಇದ್ರೂ ಮುಳ್ಳು ಅತ್ಲಾಗೆ ಇತ್ಲಾಗೆ ಕುಣಿಯತ್ತೆ. ಕೊನೆಗೆ ಹಲಗೆಗೆ ಕಿವಿ ಅಂಟಿಸ್ಕೊಂಡು ಆಕ್ಟೇವ್ ಹೋಲಿಸಿ ಹೋಲಿಸಿ ಸರಿ ಮಾಡಿದೆ, ಒಬ್ಬ ಅಜ್ಜ ನಿಂತು ಇವನಿಗೇನೋ ತಲೆ ಸುತ್ತು ಬಂದಿದೆ ಅಂತ ನೀರು ತಂದುಕೊಟ್ರು.

ಹನ್ನೆರಡಕ್ಕೆ ಮತ್ತೆ ಅದೇ ಕಥೆ. ಅವತ್ತಿಡೀ ನಾಲ್ಕು ಸಲ ಶ್ರುತಿ ಮಾಡಿದೀನಿ, ಹೆಂಡ್ತಿ ಮಧ್ಯಾಹ್ನ ತಂದುಕೊಟ್ಟ ಪುಳಿಯೋಗರೆ ಸಂಜೆ ಐದಕ್ಕೆ ತಿಂದೆ.

ತಂತಿನೇ ಹಳೇದಾಗಿದೆ ಅಂತ ಆನ್‌ಲೈನ್ ಅಂಗಡಿಯಿಂದ 9ನೇ ನಂಬರ್ ತಂತಿ ತರಿಸಿದೆ. ಬಂದಿದ್ದು 4. ಕವರ್ ಮೇಲೆ 9 ಅಂತಾನೇ ಇದೆ ಮಾರಾಯ್ರೆ, ಒಳಗಡೆ 4, ಒಂದು ಆಕ್ಟೇವ್ ಮೇಲಿನ ತೆಳ್ಳಗಿನ ತಂತಿ. ನಾನೂ ನೋಡದೇ ಹಾಕಿ ಬಿಗಿ ಮಾಡಿದ್ರೆ ಸ್ವರ ಬಂತು, ಆದ್ರೆ ಒಣಗಿದ ರಬ್ಬರ್ ಬ್ಯಾಂಡ್ ಎಳೆದಂಗೆ ಪೆಕರು ಪೆಕರಾಗಿ. ಬಿಚ್ಚೋವಾಗ ತುದಿ ಮುರೀತು. ಕಂಪ್ಲೇಂಟ್ ಮಾಡಿದ್ರೆ "ಡಿಯರ್, ಪ್ಲೀಸ್ ಸೆಂಡ್ ವಿಡಿಯೋ" ಅಂತೆ. ತಂತಿ ದಪ್ಪನ ವಿಡಿಯೋದಲ್ಲಿ ಹೆಂಗೆ ತೋರಿಸ್ಲಿ?

ಇನ್ನು ಬೆರಳಿನ ಉಗುರು. ನಾವು ಪ್ರ್ಯಾಕ್ಟೀಸಲ್ಲಿ ಟೇಪ್ ಸುತ್ತಿ ಮೀಟೋಕೆ ಕೃತಕ ಉಗುರು ಕಟ್ಕೋತೀವಲ್ಲ, ಅದನ್ನ ಬೂತಿಗೆ ಬರೋರಿಗೆಲ್ಲಾ ಕಟ್ಟೋಕೆ ಹೋಗ್ಬೇಡಿ. ಒಬ್ಬರಿಗೆ ಮೂರು ನಿಮಿಷ, ಬೆವರಿಗೆ ಟೇಪ್ ನಿಲ್ಲಲ್ಲ, ಒಬ್ಬರ ಬೆರಳಿಂದ ಇನ್ನೊಬ್ಬರದಕ್ಕೆ ಅಂದ್ರೆ ಅಸಹ್ಯ ಬೇರೆ. ಬರಿಗೈಲಿ ಮೀಟಿ ಅಂದ್ಬಿಡಿ. ಎರ್ಹುಗೂ ಒಂದು ಮಾತು: ಕಮಾನು ಎರಡು ತಂತಿ ಮಧ್ಯೆ ಸಿಕ್ಕಾಕ್ಕೊಂಡಿದೆ ಅಂದ್ಕೊಂಡು ಪಾಪ ಸಹಾಯ ಮಾಡೋಕೆ ಹೊರಗೆ ಎಳೆಯೋರು ದಿನಕ್ಕೆ ಹತ್ತು ಜನ ಇರ್ತಾರೆ, "ಅದು ಇರೋದೇ ಅಲ್ಲಿ" ಅಂತ ಬೋರ್ಡ್ ಹಾಕಿ.

ಎರಡನೇ ವೀಕೆಂಡಿಗೆ ಹೋಗೋಷ್ಟೊತ್ತಿಗೆ ಬರೆದಿಟ್ಕೊಳ್ಳೋಕೆ ಶುರು ಮಾಡಿದ್ದೆ, ಯಾವ ತಂತಿ, ಎಷ್ಟು ಇಳಿದಿದೆ ಅಂತ. ಆಗ ತಲೆಗೆ ಹೊಳೀತು, ಯಾವಾಗ್ಲೂ 7, 9, 12, 14 ಮಾತ್ರ. ಸೆಕೆಗಾದ್ರೆ ಎಲ್ಲಾ ತಂತಿನೂ ಇಳೀಬೇಕು ತಾನೆ? ಹಸಿರು ಬಣ್ಣದ ಪಂಚಮ, 8 ಮತ್ತು 13, ಅದೂ ಇವುಗಳ ಪಕ್ಕದಲ್ಲೇ ಇರೋದು, ಬಂಡೆ ಥರ ನಿಂತಿವೆ. ನೋಡಿದ್ರೆ ಆ ನಾಲ್ಕರ ಕುದುರೆಗಳೂ (ತಂತಿ ಕೆಳಗೆ ಆಧಾರಕ್ಕೆ ನಿಲ್ಲಿಸೋ ಪುಟ್ಟ ತುಂಡುಗಳು) ಎಡಕ್ಕೆ ಒಂದೆರಡು ಮಿಲಿಮೀಟರ್ ಜಾರಿವೆ, ಎಡಕ್ಕೆ ಜಾರಿದ್ರೆ ಮೀಟೋ ಕಡೆ ಉದ್ದ ಜಾಸ್ತಿ, ಶ್ರುತಿ ಕೆಳಗೆ. (ವೀಣೆಯಲ್ಲಿ ನಾವು ಕುದುರೆ ಅಂತೀವಲ್ಲ, ಚೈನೀಸಲ್ಲೂ ಇದಕ್ಕೆ ಮಾ, ಅಂದ್ರೆ ಕುದುರೆ ಅಂತಾನೇ. ಇದು ಗೊತ್ತಾದ ದಿನ ನಾನು ಮನೇಲಿ ಎಲ್ಲರಿಗೂ ಫೋನ್ ಮಾಡಿ ಹೇಳಿದ್ದೆ, ಯಾರಿಗೂ ಏನೂ ಅನ್ನಿಸ್ಲಿಲ್ಲ.)

ಕುದುರೆ ಜಾರಿದ್ರೆ ಕಟ್ಟಾಕ್ಬೇಕು ಅಂತ ಕಾಲಿನ ಕೆಳಗೆ ಡಬಲ್ ಸೈಡ್ ಟೇಪ್ ಅಂಟಿಸ್ದೆ. ನಾದ ಸತ್ತೋಯ್ತು, ದಿಂಬಿನ ಮೇಲೆ ಮೀಟಿದಂಗೆ. ಅಷ್ಟೊತ್ತಿಗೆ ಲಾವ್‌ಷಿ ಬಂದ್ರು. ಎಪ್ಪತ್ತರ ಹತ್ರ ವಯಸ್ಸು, ದಕ್ಷಿಣ ಚೀನಾ ಮೂಲದ ಟಿಯೋಚ್ಯೂ ಮನೆತನ, ಟೇಪ್ ನೋಡಿ "ಅಯ್ಯೋ!" ಅಂದ್ರು. ಇಲ್ಲಿಯವರೂ ಅಯ್ಯೋ ಅಂತಾನೇ ಅನ್ನೋದು, ಅರ್ಥನೂ ಅದೇ, ಹಂಗಾಗಿ ಬೈಗುಳ ಪೂರ್ತಿ ಅರ್ಥವಾಯ್ತು. ಹಲಗೆ ಮೇಲೆ ಅಂಟು ಹಚ್ಚೋರು ಯಾರಾದ್ರೂ ಇದಾರಾ ಅಂತ.

ಆಮೇಲೆ ಅವರು ಸ್ಟೂಲ್ ಹಾಕ್ಕೊಂಡು ಸುಮ್ನೆ ಅರ್ಧ ಗಂಟೆ ಕೂತ್ರು. ನಾನು ಎಂದಿನಂಗೆ ಬಂದೋರಿಗೆ ಡೆಮೋ ಕೊಡ್ತಿದ್ದೆ. ನನ್ನ ಡೆಮೋದಲ್ಲಿ ಒಂದು ಐಟಂ ಇದೆ, ಅವರೇ ಕಲಿಸಿದ್ದು. ಟಿಯೋಚ್ಯೂ ಶೈಲಿಯಲ್ಲಿ "ಹಗುರ ಮೂರು ಆರು", "ಭಾರ ಮೂರು ಆರು" ಅಂತ ಎರಡು ಬಗೆ. ಅವರ ಹಳೇ ಲಿಪಿಯಲ್ಲಿ ಮೂರು ಮತ್ತೆ ಆರು ಅಂದ್ರೆ ನಮ್ಮ ದ ಮತ್ತೆ ಗ. ಹಗುರ ಅಂದ್ರೆ ಇದ್ದಂಗೆ ಮೀಟೋದು, ಭಾರ ಅಂದ್ರೆ ಆ ಎರಡು ಸ್ವರದ ತಂತಿನ ಕುದುರೆಯ ಎಡಗಡೆ ಒತ್ತಿ ಏರಿಸೋದು. ಗ ಹೋಗಿ ಮ ಆಗತ್ತೆ, ದ ಹೋಗಿ ನಿ ಆಗತ್ತೆ. ಅವರ ಸ್ವರಸ್ಥಾನ ಒಂಚೂರು ಆಕಡೆ ಈಕಡೆ ಇದೆ, ಆದ್ರೂ ನಮ್ಮ ಕಿವಿಗೆ ಮೋಹನ ಹೋಗಿ ಮಧ್ಯಮಾವತಿ ಬಂದಂಗೆ. ನನಗೆ ಇದನ್ನ ತೋರಿಸೋದಂದ್ರೆ ಪ್ರಾಣ. ಮೊದಲನೇ ದಿನಾನೇ ಒಬ್ಬ ತಮಿಳು ಆಂಟಿ ನಿಂತು "ಇದು ಮೋಹನಂ ದಾನೇ?" ಅಂದಿದ್ರು, ಒತ್ತಿ ತೋರಿಸಿದ ತಕ್ಷಣ ಅವರ ಮುಖ ನೋಡ್ಬೇಕಿತ್ತು.

ಲಾವ್‌ಷಿ ಕೇಳಿದ್ರು, "ನೀನು ತೋರಿಸಿದ್ಮೇಲೆ ಅವರೇನು ಮಾಡ್ತಾರೆ?"

ನೋಡಿದೆ. ಬಂದ ಪ್ರತಿಯೊಬ್ಬನೂ ನಾನು ಒತ್ತಿದ ತಂತಿನೇ ಒತ್ತುತಾನೆ. ನಾನು ಮೂರು ಬೆರಳಲ್ಲಿ ಕುದುರೆಯಿಂದ ಒಂದು ಗೇಣು ದೂರದಲ್ಲಿ ಮೆತ್ತಗೆ ನೇರ ಕೆಳಗೆ ಒತ್ತಿದ್ರೆ, ಅವರು ಕುದುರೆ ಬುಡದಲ್ಲೇ ಹೆಬ್ಬೆರಳಿಟ್ಟು ಡೋರ್‌ಬೆಲ್ ಅದುಮ್ದಂಗೆ, ಜೊತೆಗೆ ಎಡಕ್ಕೆ ಜಗ್ಗಿ. ಒಂದು ಹುಡುಗ ಎರಡೂ ಕೈಲಿ. ಗ ಮತ್ತೆ ದ, ಅಂದ್ರೆ ಮಧ್ಯದ ಎರಡು ಸ್ಥಾಯಿಯಲ್ಲಿ 7, 9, 12, 14. ಕಳ್ಳ ನಾನೇ, ನನ್ನ ಮಧ್ಯಮಾವತಿ.

ಪರಿಹಾರ ಐದು ನಿಮಿಷದ್ದು. ಒಂದು ಗುಝೆಂಗಿನ ಎಡಭಾಗಕ್ಕೆ ಪೂರ್ತಿ ದಪ್ಪ ಟವಲ್ ಹೊದಿಸ್ದೆ, ಅದು ಮಕ್ಕಳಿಗೆ, ಬಲಗಡೆ ಮಾತ್ರ. ಇನ್ನೊಂದರಲ್ಲಿ 9ನೇ ತಂತಿ ಒಂದೇ ಒತ್ತೋಕೆ, ಕುದುರೆಯಿಂದ ಗೇಣು ದೂರದಲ್ಲಿ ಹಲಗೆ ಮೇಲೆ ಕೆಂಪು ಕಾಗದದ ಗುರುತು. ಆ ಕುದುರೆ ಕಾಲಿಗೆ ಎರ್ಹು ಕಮಾನಿಗೆ ಹಚ್ಚೋ ರೋಸಿನ್ ಪುಡಿ ಒಂಚೂರು, ಕುದುರೆ ನಿಲ್ಲೋ ಜಾಗಕ್ಕೆ ಪೆನ್ಸಿಲಲ್ಲಿ ಸಣ್ಣ ಗೀರು, ಜಾರಿದ್ರೆ ಟ್ಯೂನರ್ ಇಲ್ದೇನೇ ಕಣ್ಣಳತೆಯಲ್ಲೇ ವಾಪಸ್ ತಳ್ಳಬಹುದು. ಕೊನೇ ಭಾನುವಾರ ಬೆಳಗ್ಗೆ ಶ್ರುತಿ ಮಾಡಿದ್ದು ಸಂಜೆವರೆಗೂ ಇತ್ತು. ಡ್ರಮ್ಮು ಪಕ್ಕದಲ್ಲೇ ಇತ್ತು, ಏನೂ ಆಗ್ಲಿಲ್ಲ.

ಈಗ ತಲೆಯಲ್ಲಿ ಓಡ್ತಿರೋದು ಬೇರೆ. ಎರ್ಹುದು ಹೆಬ್ಬಾವಿನ ಚರ್ಮ, ಸೈಟಿಸ್ (ಅಪಾಯದಲ್ಲಿರೋ ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕೋ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿರೋದು, ಪರ್ಮಿಟ್ ತಾಪತ್ರಯಕ್ಕೆ ಹೆದರಿ ಮೈಸೂರಿಗೆ ತಗೊಂಡು ಹೋಗಿಲ್ಲ, ಅಮ್ಮ ಇನ್ನೂ ಅದನ್ನ ಫೋನಲ್ಲೇ ಕೇಳಿರೋದು. ಹಾಂಗ್‌ಕಾಂಗ್ ಚೈನೀಸ್ ಆರ್ಕೆಸ್ಟ್ರಾದವರು ಚರ್ಮದ ಬದಲು ಪೆಟ್ ಪ್ಲಾಸ್ಟಿಕ್ ಪೊರೆ ಹಾಕಿ ಮಾಡಿದಾರೆ, ಅದು ನನ್ನ ಜೇಬಿಗಲ್ಲ. ಆದ್ರೆ ಯೆಹು ಇದೆಯಲ್ಲ, ದಕ್ಷಿಣ ಚೀನಾದ್ದು, ತೆಂಗಿನ ಕರಟಕ್ಕೆ ಚರ್ಮ ಇಲ್ದೇ ತೆಳು ಮರದ ಹಲಗೆ ಮುಚ್ಚಿರ್ತಾರೆ, ಅದೇ ಎರಡು ತಂತಿ, ಮಧ್ಯೆ ಕಮಾನು. ಕರಟಕ್ಕೇನು ಬರ ನಮ್ಮನೇಲಿ? ದೊಡ್ಡದಾಗಿ ದುಂಡಗಿರೋದು ಬೇಕು ಅಷ್ಟೇ, ಸಮ ಒಡೆಯೋದೇ ಕಷ್ಟ. ಮೂರು ಕಾಯಿ ಹಾಳಾಗಿದೆ, ನಾಲ್ಕನೇದು ಆಕ್ಸೋ ಬ್ಲೇಡಲ್ಲಿ ಕೊಯ್ದು ಬಾಲ್ಕನಿಯಲ್ಲಿ ಒಣಗೋಕಿಟ್ಟಿದೀನಿ. ನಾಲ್ಕು ಕಾಯಿ ತುರಿ ಫ್ರಿಜ್ಜಲ್ಲಿದೆ, ಮೂರು ದಿನದಿಂದ ಬೆಳಗ್ಗೆ ಚಟ್ನಿ, ರಾತ್ರಿನೂ ಚಟ್ನಿ.