106ಕ್ಕೂ ಸಾವಿರ, 126ಕ್ಕೂ ಸಾವಿರ

ನಾನು ಬೆಂಗಳೂರಿನಲ್ಲಿ ಆಕ್ಟಿಂಗ್ ಡ್ರೈವರ್. ಕಾರು ಓನರ್‌ದು, ಸ್ಟೇರಿಂಗ್ ಮಾತ್ರ ನನ್ನ ಕೈಲಿ. ಮೈಸೂರು ಟ್ರಿಪ್ಪೇ ಜಾಸ್ತಿ. ಈ ಕೆಲಸದಲ್ಲಿ ಒಂದು ಇಕ್ಕಟ್ಟಿದೆ. ಸ್ಪೀಡಿಗೆ ಫೈನ್ ಬಿದ್ದರೆ ಮೆಸೇಜ್ ಹೋಗುವುದು ಓನರ್ ಫೋನಿಗೆ. ಟ್ರಿಪ್ ಮುಗಿದು, ಬಾಟಾ ಇಸ್ಕೊಂಡು ಮನೆ ಸೇರಿದ ಮೇಲೆ ಫೋನ್ ಬರುತ್ತದೆ: "ಏನಪ್ಪಾ, ಸಾವಿರ ರೂಪಾಯಿ ಬಿದ್ದಿದೆಯಲ್ಲ?"

ನನ್ನ ಜೊತೆಗಾರನೊಬ್ಬ ಓಡಿಸಿದ ಕಾರಿಗೆ ಹೀಗೇ 106ಕ್ಕೆ ಬಿತ್ತು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರಿಗೆ ಮಿತಿ ಗಂಟೆಗೆ 100 ಕಿಲೋಮೀಟರ್. "ಬರೀ ಆರಕ್ಕೆ ಸಾವಿರಾನಾ? 126ರಲ್ಲಿ ಹೋದವನಿಗೂ ಅಷ್ಟೇ ಅಲ್ವಾ?" ಅಂತ ಓನರ್ ಸಿಟ್ಟಾದರು. ಹೌದು, ಅಷ್ಟೇ. ಕರ್ನಾಟಕದಲ್ಲಿ ಕಾರಿನ ಓವರ್‌ಸ್ಪೀಡಿಗೆ ದಂಡ 1,000 ರೂಪಾಯಿ. ಎಷ್ಟು ದಾಟಿತು ಅನ್ನುವ ಲೆಕ್ಕ ಅದರಲ್ಲಿಲ್ಲ. 130 ದಾಟಿದರೆ ಮಾತ್ರ ಕಥೆ ಬೇರೆ. 2024ರ ಆಗಸ್ಟ್‌ನಿಂದ ಅದಕ್ಕೆ ಎಫ್‌ಐಆರ್.

ಆ ಸಿಟ್ಟು ಅರ್ಥವಾಗುತ್ತದೆ. ಆದರೂ 106ಕ್ಕೆ ಫೈನ್ ಬೇಡ ಅನ್ನಲು ನನಗೆ ಮನಸ್ಸಿಲ್ಲ. ಕಾರಿನ ಮೀಟರ್ ನಿಜವಾದ ವೇಗಕ್ಕಿಂತ ಸ್ವಲ್ಪ ಜಾಸ್ತಿಯೇ ತೋರಿಸುತ್ತದೆ. ಕಡಿಮೆ ತೋರಿಸುವ ಹಾಗಿಲ್ಲ ಅಂತ ನಿಯಮವೇ ಇದೆ. ರಸ್ತೆಯ ಸ್ಪೀಡ್ ಕ್ಯಾಮೆರಾದಲ್ಲಿ 106 ಬಂತು ಅಂದರೆ ಮುಳ್ಳು 110ರ ಆಸುಪಾಸು ಇತ್ತು ಅಂತಲೇ ಲೆಕ್ಕ. ಗೊತ್ತಾಗಲಿಲ್ಲ ಅನ್ನುವ ಮಾತು ನಿಲ್ಲುವುದಿಲ್ಲ.

ಇನ್ನು ಬ್ರೇಕು. 100ರಲ್ಲಿ ಗಾಡಿ ಸೆಕೆಂಡಿಗೆ 28 ಮೀಟರ್ ಓಡುತ್ತದೆ. ಮುಂದೆ ಏನೋ ಕಂಡು ಕಾಲು ಬ್ರೇಕಿಗೆ ಬೀಳಲು ಒಂದು ಸೆಕೆಂಡ್ ಹಿಡಿಯಿರಿ. ರಸ್ತೆ ಒಣಗಿದ್ದು ಟೈರ್ ಚೆನ್ನಾಗಿದ್ದರೆ ಒಟ್ಟು 85 ಮೀಟರ್ ಹತ್ತಿರ ನಿಲ್ಲುತ್ತದೆ. ಅದೇ ಕಾರು 110ರಲ್ಲಿ ಬಂದಿದ್ದರೆ, ಅದೇ ಜಾಗದಲ್ಲಿ ಇನ್ನೂ 50ರ ವೇಗದಲ್ಲಿರುತ್ತದೆ. ಸುಮ್ನೆ ಹತ್ತು ಜಾಸ್ತಿ ಅಂದುಕೊಂಡಿದ್ದು ಅಲ್ಲಿ ಐವತ್ತಾಗಿರುತ್ತದೆ! ಮಂಡ್ಯ, ಮದ್ದೂರಿನ ಕಡೆ ಬೇಲಿ ಇದ್ದರೂ ರಸ್ತೆ ದಾಟುವವರಿದ್ದಾರೆ. ರಾತ್ರಿ ಪಾರ್ಕಿಂಗ್ ಲೈಟ್ ಹಾಕದೆ ಎಡಕ್ಕೆ ನಿಂತ ಲಾರಿಗಳಿರುತ್ತವೆ. ಇಷ್ಟೆಲ್ಲ ಮಾಡಿ, 118 ಕಿಲೋಮೀಟರ್ ಪೂರ್ತಿ 110ರಲ್ಲೇ ಓಡಿಸಿದರೂ ಉಳಿಯುವುದು ಆರೇಳು ನಿಮಿಷ. ಕೆಂಗೇರಿ ಟ್ರಾಫಿಕ್ಕಿನಲ್ಲಿ ಅದೂ ಹೋಗುತ್ತದೆ.

ಇದು ಬಹಳಷ್ಟು ಡ್ರೈವರ್‌ಗಳಿಗೆ ಗೊತ್ತು. ಆದರೆ ಹಿಂದಿನ ಸೀಟಿನಿಂದ "ಲೇಟಾಯ್ತು, ಸ್ವಲ್ಪ ಎಳೀಪ್ಪಾ" ಅಂದಾಗ ಆಗಲ್ಲ ಅನ್ನುವುದು ಕಷ್ಟ. ಮುಂದಿನ ಟ್ರಿಪ್ಪಿಗೆ ಕರೆಯಲ್ಲ ಅನ್ನುವ ಭಯ. ಅದಕ್ಕೇ ಈ ಮಾತು ಗಾಡಿ ಹೊರಡುವ ಮೊದಲೇ ಆಗಬೇಕು. ನಾನು ಹಿಂದಿನ ರಾತ್ರಿಯೇ ವಾಟ್ಸಾಪ್ ಮಾಡುತ್ತೇನೆ: "ಸರ್, ಹೈವೇಲಿ 95ರಿಂದ 100ರೊಳಗೆ ಓಡಿಸ್ತೀನಿ. ಹತ್ತು ಗಂಟೆಗೆ ಮೈಸೂರಲ್ಲಿರಬೇಕು ಅಂದ್ರೆ ಆರೂವರೆಗೆ ಹೊರಡೋಣ. ನಾನಾಗಿ ಮಿತಿ ದಾಟಿ ಫೈನ್ ಬಿದ್ರೆ ನಾನೇ ಕಟ್ತೀನಿ."

ಹೊಸದಾಗಿ ಈ ಕೆಲಸಕ್ಕೆ ಬಂದವರು ಇದನ್ನು ಬರೆದೇ ಕಳಿಸಿ. ಒಪ್ಪದೆ ಬೇರೆ ಡ್ರೈವರ್ ಕರೆಸಿಕೊಂಡವರಿದ್ದಾರೆ, ಇಲ್ಲ ಅನ್ನಲ್ಲ. ಒಪ್ಪಿದವರಲ್ಲಿ ಕೆಲವರು ಈಗ ತಾವು ಬರದಿದ್ದರೂ ವಯಸ್ಸಾದ ಅಪ್ಪ ಅಮ್ಮನನ್ನು ನನ್ನ ಜೊತೆ ಕಳಿಸುತ್ತಾರೆ.