ಐದು ಸೆಂಟಿನ ಎರಡು ಸ್ಟಾಂಪು

ಮಾಂಟ್ರಿಯಲ್‌ನಲ್ಲಿ ನಮ್ಮ ಮನೆ ಹತ್ತಿರ ಭಾನುವಾರ ಹಳೇ ಸಾಮಾನಿನ ಸಂತೆ ಸೇರುತ್ತೆ. ಹೋದ ವಾರ ಅಲ್ಲಿ ಒಂದು ಲಕೋಟೆ ತುಂಬ ಸ್ಟಾಂಪು ಕೊಂಡೆ. ಶಿವಮೊಗ್ಗದಲ್ಲಿರುವ ಅಪ್ಪನಿಗೆ ಇದರ ಹುಚ್ಚು. ಮನೆಗೆ ಬಂದು ಮೇಜಿನ ಮೇಲೆ ಸುರಿದಾಗ ಎರಡು ಕಣ್ಣಿಗೆ ಬಿದ್ದವು. ಎರಡೂ ಐದು ಸೆಂಟಿನವು. ಎರಡೂ 1967ರ ಏಪ್ರಿಲ್ 28ರಂದು ಬಿಡುಗಡೆಯಾದವು. ಇಲ್ಲಿನ ವಿಶ್ವಮೇಳ ಎಕ್ಸ್‌ಪೋ 67 ಜನರಿಗೆ ತೆರೆದದ್ದು ಅವತ್ತೇ.

ಒಂದು ಕೆನಡಾದ್ದು. ನೀಲಿ, ಕೆಂಪು ಬಣ್ಣ. ಅದರಲ್ಲಿ ಮೇಳದ ಕೆನಡಾ ಮಂಟಪದ, ಅಂದರೆ ಪೆವಿಲಿಯನ್ನಿನ, ತಲೆಕೆಳಗಾದ ಪಿರಮಿಡ್. ಹೆಸರು ಕಟಿಮಾವಿಕ್. ಇಲ್ಲಿನ ಮೂಲನಿವಾಸಿಗಳಾದ ಇನ್ಯುಟ್ ಜನರ ಮಾತಲ್ಲಿ 'ಸೇರುವ ಜಾಗ' ಅಂತ. ಹಳದಿ ಲೈನಿನ ಮೆಟ್ರೋ ಹತ್ತಿ, ಅದು ಇದ್ದ ನಡುಗಡ್ಡೆಗೆ ಹೋಗಿದ್ದೆ. ಈಗ ಅಲ್ಲಿ ಪಿರಮಿಡ್ ಇಲ್ಲ. ಫ್ರಾನ್ಸಿನ ಪೆವಿಲಿಯನ್ ಕ್ಯಾಸಿನೋ ಆಗಿದೆ! ನಡುಗಡ್ಡೆಯೂ ಮೇಳಕ್ಕೆ ಅಂತಲೇ ನದಿಗೆ ಮಣ್ಣು ತುಂಬಿ ಮಾಡಿದ್ದು.

ಇನ್ನೊಂದು ವಿಶ್ವಸಂಸ್ಥೆಯದ್ದು. ನ್ಯೂಯಾರ್ಕಿನ ಅವರ ಕಟ್ಟಡಕ್ಕೆ ಕೆನಡಾ ಉಡುಗೊರೆ ಕೊಟ್ಟ ಬಾಗಿಲಿನ ಚಿತ್ತಾರ ಅದರಲ್ಲಿದೆ. ವಿಶ್ವಸಂಸ್ಥೆಯ ಸ್ಟಾಂಪಿನ ಮೇಲೆ ಕೆನಡಾ ದುಡ್ಡಿನ ಬೆಲೆ ಯಾಕೆ ಅಂತೀರಾ? ಮೇಳದಲ್ಲಿ ಅವರದ್ದೇ ಪೆವಿಲಿಯನ್ ಇತ್ತು. ಅಲ್ಲಿಂದ ಹಾಕುವ ಕಾಗದಕ್ಕೆ ಮಾತ್ರ ಈ ಸ್ಟಾಂಪು ನಡೆಯುತ್ತಿತ್ತು. ಅಕ್ಟೋಬರ್ 29ಕ್ಕೆ ಮೇಳ ಮುಗೀತು, ಇದರ ಕೆಲಸವೂ ಮುಗೀತು. ಆರೇ ತಿಂಗಳ ನೌಕರಿ, ಪಾಪ.

ಕೆನಡಾದ್ದು ಮಾತ್ರ ಇವತ್ತಿಗೂ ಚಾಲ್ತಿ. ಇಲ್ಲಿ ಇಷ್ಟು ಹಳೇ ಸ್ಟಾಂಪಾದರೂ, ಮುದ್ರೆ ಬೀಳದೆ ಉಳಿದಿದ್ದರೆ ಬರೆದಷ್ಟು ಬೆಲೆಗೆ ಅಂಟಿಸಬಹುದು. ಹಾಗಂತ ಬರೀ ಐದು ಸೆಂಟಿನದ್ದನ್ನೇ ಅಂಟಿಸಿ ಭಾರತಕ್ಕೆ ಕಾಗದ ಹಾಕೋಕೆ ಹೋದರೆ ವಿಳಾಸ ಬರೆಯೋಕೇ ಜಾಗ ಉಳಿಯಲ್ಲ.

ಅಪ್ಪನಿಗೆ ಫೋನ್ ಮಾಡಿದೆ.

"ಅಂಟಿಸಬೇಡ ಪುಟ್ಟೀ, ಹಾಗೇ ತೆಗೆದಿಡು. ಬರುವಾಗ ತಾ."

"ಒಂದನ್ನಾದರೂ ಅಂಟಿಸ್ತೀನಪ್ಪ. ಮುದ್ರೆ ಬಿದ್ದು ಬರಲಿ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಮೂಲೆ ಹರಿಯದ ಹಾಗೆ ಅಂಟಿಸು" ಅಂದರು.

ದೊಡ್ಡ ಬೆಲೆಯ ಸ್ಟಾಂಪುಗಳ ಪಕ್ಕದಲ್ಲಿ ಪಿರಮಿಡ್ಡಿಗೂ ಜಾಗ ಮಾಡಿದೆ. ವಿಶ್ವಸಂಸ್ಥೆಯದ್ದನ್ನು ಕಾಗದದ ಮಡಿಕೆಯೊಳಗೆ ಇಟ್ಟೆ. ಅದಕ್ಕೆ ಈ ಸಲ ಟಿಕೆಟ್ ಇಲ್ಲದ ಪ್ರಯಾಣ.