ಮಗುವಿನ ಪಾಲು ತೆಗೆದಿಡದೆ ವೋಚರಿಗೆ ಸಹಿ ಇಲ್ಲ

ಧಾರಾವಾಹಿ ನಿರ್ಮಾಣ ಸಂಸ್ಥೆಯೊಂದರ ಲೆಕ್ಕಪತ್ರ ನೋಡಿಕೊಳ್ಳುವವಳು ನಾನು. ಪೇಮೆಂಟ್ ದಿನ ಕಲಾವಿದರ ವೋಚರ್, ಬಾಟಾ (ದಿನಭತ್ಯೆ), ಜನರೇಟರ್ ಬಾಡಿಗೆ, ಊಟದ ಬಿಲ್ಲು ಎಲ್ಲವೂ ಒಟ್ಟಿಗೆ ಮೇಜಿಗೆ ಬರುತ್ತವೆ. ಅಂಥದೊಂದು ಸಂಜೆ ಬಾಲನಟನೊಬ್ಬನ ವೋಚರ್ ಬಂತು. ಪೂರ್ತಿ ಹಣ ತಂದೆಯ ಖಾತೆಗೆ ಎಂದು ಬರೆದಿತ್ತು. ಕಾನೂನಿನಂತೆ ಮಗುವಿನ ಹೆಸರಿನಲ್ಲಿ ಇಡಬೇಕಾದ ಠೇವಣಿಯ ರಸೀದಿ ಇರಲಿಲ್ಲ. ನಾನು ಸಹಿ ಹಾಕಲಿಲ್ಲ.

ತಂದೆ ನೇರವಾಗಿ ಒಳಗೆ ಬಂದರು. “ನನ್ನ ಮಗನ ದುಡಿಮೆಯನ್ನು ತಡೆಯಲು ನೀವು ಯಾರು ಮೇಡಂ? ಇವನಿಗಾಗಿ ನಾನು ಇದ್ದ ಕೆಲಸವನ್ನೇ ಬಿಟ್ಟಿದ್ದೇನೆ” ಎಂದು ಕೂಗಿದರು. ಅವರ ಸಂಕಟ ಸುಳ್ಳಲ್ಲ. ಹಿಂದೆಯೇ ಬಂದ ಮ್ಯಾನೇಜರ್, “ನಾಳೆ ಹುಡುಗನ ಕಾಲ್‌ಶೀಟ್ ಇದೆ, ಅವನು ಬರದಿದ್ದರೆ ಮುಂಚಿತವಾಗಿ ಶೂಟ್ ಮಾಡಿಡುವ ಬ್ಯಾಂಕಿಂಗ್ ಎಪಿಸೋಡ್ ಇಲ್ಲ, ಈ ಸಲ ಬಿಟ್ಟುಬಿಡಿ” ಎಂದರು. ಹುಡುಗ ಬಾಗಿಲಲ್ಲೇ ನಿಂತು ತನ್ನ ಸಂಭಾವನೆಯ ಜಗಳವನ್ನು ಕೇಳಿಸಿಕೊಳ್ಳುತ್ತಿದ್ದ. ಅವನನ್ನು ಆಚೆ ಕರೆದೊಯ್ಯಬೇಕೆಂದು ಇಬ್ಬರಿಗೂ ತೋಚಲಿಲ್ಲ. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಮೇಕಪ್ ವಿಭಾಗದ ಅಕ್ಕನನ್ನು ಕೂಗಿ ಕರೆದು ಅವನನ್ನು ಕಳುಹಿಸಿದ ಮೇಲೆಯೇ ನಾನು ಮಾತು ಮುಂದುವರಿಸಿದೆ.

ಸಾಕಿದವರು ನಾವು, ಹಣವೂ ನಮ್ಮದೇ ಎಂಬ ವಾದ ಬಹಳ ಹಳೆಯದು. 1921ರ ‘ದಿ ಕಿಡ್’ ಚಿತ್ರದಲ್ಲಿ ಚಾಪ್ಲಿನ್ ಜೊತೆ ನಟಿಸಿ ಜಗತ್ತೇ ಅಳುವಂತೆ ಮಾಡಿದ ಬಾಲನಟ ಜಾಕಿ ಕೂಗನ್ ಬಾಲ್ಯದಲ್ಲಿ ದುಡಿದದ್ದು 30ರಿಂದ 40 ಲಕ್ಷ ಡಾಲರ್ ಎಂದು ಅಂದಾಜು. 1935ರಲ್ಲಿ ತಂದೆ ಕಾರು ಅಪಘಾತದಲ್ಲಿ ತೀರಿಕೊಂಡರು. ಅದೇ ವರ್ಷ ಜಾಕಿಗೆ 21 ತುಂಬಿತು. ಹಣ ಕೈಗೆ ಬರಲಿಲ್ಲ. 1938ರಲ್ಲಿ ತಾಯಿ ಮತ್ತು ಮಲತಂದೆಯ ಮೇಲೆಯೇ ದಾವೆ ಹೂಡಬೇಕಾಯಿತು. ಅಪ್ರಾಪ್ತರ ಗಳಿಕೆ ಹೆತ್ತವರದು ಎನ್ನುತ್ತಿತ್ತು ಆಗಿನ ಕ್ಯಾಲಿಫೋರ್ನಿಯಾ ಕಾನೂನು. ಕೊನೆಗೆ ದಕ್ಕಿದ್ದು ಸುಮಾರು 1.26 ಲಕ್ಷ ಡಾಲರ್. ಬಾಲನಟರ ಗಳಿಕೆಯ ಒಂದು ಪಾಲನ್ನು ಕಾಪಾಡುವ ಕಾನೂನು 1939ರಲ್ಲಿ ಬಂದು ಅವನ ಹೆಸರಿನಿಂದಲೇ ಪ್ರಸಿದ್ಧವಾಯಿತು. ಅವನ ಕಳೆದ ಹಣ ಮಾತ್ರ ಹಿಂದಿರುಗಲಿಲ್ಲ. ಮುಂದೆ ಅವನು ಯುದ್ಧದಲ್ಲಿ ಗ್ಲೈಡರ್ ಹಾರಿಸಿದ, 1964ರ ಹೊತ್ತಿಗೆ ಟಿವಿಯಲ್ಲಿ ‘ದಿ ಆಡಮ್ಸ್ ಫ್ಯಾಮಿಲಿ’ ಹಾಸ್ಯ ಧಾರಾವಾಹಿಯ ಬೋಳುತಲೆಯ ಅಂಕಲ್ ಫೆಸ್ಟರ್ ಆಗಿ ಮತ್ತೆ ಜನರನ್ನು ಗೆದ್ದ. ಕೋಟ್ಯಧೀಶನಾಗಿರಬೇಕಾದವನು ಹೊಟ್ಟೆಪಾಡಿಗೆ ಸಿಕ್ಕ ಪಾತ್ರಗಳನ್ನೆಲ್ಲ ಮಾಡಿದ.

ನಮ್ಮಲ್ಲಿ ಬಾಲಕಾರ್ಮಿಕ ನಿಯಮಗಳಿಗೆ 2017ರಲ್ಲಿ ತಿದ್ದುಪಡಿಯಾಗಿದೆ. ಮಗುವಿನ ಆದಾಯದಲ್ಲಿ ಕನಿಷ್ಠ ಶೇ. 20ರಷ್ಟು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಅದರ ಹೆಸರಿನ ನಿಶ್ಚಿತ ಠೇವಣಿಗೆ ನೇರವಾಗಿ ಹೋಗಬೇಕು. ದಿನಕ್ಕೆ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. “ಉಳಿದ ಹಣ ನಿಮ್ಮ ಕೈಗೇ ಬರುತ್ತದೆ, ಇದೊಂದು ಪಾಲು ಅವನದು” ಎಂದು ತಂದೆಗೆ ಮತ್ತೆ ಮತ್ತೆ ಹೇಳಿದೆ. ಮರುದಿನ ಬ್ಯಾಂಕಿಗೆ ಹೋಗಿ ಬಂದರು, ರಸೀದಿ ನೋಡಿ ಸಹಿ ಹಾಕಿದೆ. ಶೂಟಿಂಗ್ ನಿಲ್ಲಲಿಲ್ಲ.

ನನ್ನ ದೊಡ್ಡ ತಕರಾರು ಇರುವುದು ನಮ್ಮ ಸಂಸ್ಥೆಯ ಆಡಳಿತದ ಮೇಲೆ. ಮಗುವನ್ನು ನಟನೆಗೆ ಬಳಸಲು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಮುಚ್ಚಳಿಕೆ ಕೊಟ್ಟು ಅನುಮತಿ ತರುತ್ತಾರೆ, ಆ ಕಡತ ಲೆಕ್ಕಪತ್ರ ವಿಭಾಗಕ್ಕೆ ಬರುವುದೇ ಇಲ್ಲ. ನಮ್ಮ ಸಾಫ್ಟ್‌ವೇರಿನಲ್ಲಿ ಒಬ್ಬ ಕಲಾವಿದನಿಗೆ ಒಂದೇ ಖಾತೆ. ಹಾಗಾಗಿ ಠೇವಣಿಯ ವೋಚರನ್ನು ಕೈಯಲ್ಲೇ ಬರೆಯುತ್ತೇನೆ, ಅನುಮತಿ ಪತ್ರದ ಪ್ರತಿಯನ್ನು ಒಪ್ಪಂದದ ದಿನವೇ ಪಟ್ಟು ಹಿಡಿದು ತರಿಸಿಕೊಳ್ಳುತ್ತೇನೆ.